ಅಕ್ಕೋರ ಉತ್ತರ: ಪರದೇಶದ ಊಟ, ಪರಿಚಯದ ಹೆಸರು

ಸೆಪ್ಟೆಂಬರ್ ಬಂತೆಂದರೆ ಇಂಗ್ಲೆಂಡಿನ ಕಾಲೇಜುಗಳು ಶುರುವಾಗುತ್ತವೆ. ಅದಕ್ಕೇ ಇರಬೇಕು, ಈ ಸಲದ ಪತ್ರಗಳಲ್ಲಿ ವ್ಯಾಕರಣಕ್ಕಿಂತ ಊಟದ ಚಿಂತೆಯೇ ಜಾಸ್ತಿ. ನಾನು ಬೆಳಗಾವಿಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದವಳು. ತಂಗಿಯ ಮನೆ ಇಂಗ್ಲೆಂಡಿನಲ್ಲಿ, ಮಗಳ ಮನೆ ಮೆಲ್ಬರ್ನ್‌ನಲ್ಲಿ. ಎರಡೂ ಕಡೆ ಅಡುಗೆಮನೆ ನೋಡಿಕೊಂಡಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಪ್ರಶ್ನೆ: ಅಕ್ಕೋರೇ, ನನ್ನ ಮಗ ಎಂಎಸ್‌ಸಿ ಓದಲು ಲೀಡ್ಸ್‌ಗೆ ಹೊರಟಿದ್ದಾನೆ. ನಾವು ತತ್ತಿ ಕೂಡ ತಿನ್ನದ ಮಂದಿ. ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಆದರೂ ನನಗೆ ಹೆದರಿಕೆ. ಏನು ಹೇಳಿ ಕಳಿಸಲಿ?
*ಒಬ್ಬ ತಾಯಿ, ಜಮಖಂಡಿ*

ಉತ್ತರ: ತಾಯಿ, ನಿಮ್ಮ ಹೆದರಿಕೆಯಲ್ಲಿ ಅರ್ಥ ಇದೆ. ಇಂಗ್ಲಿಷ್ ಚೆನ್ನಾಗಿ ಬರುವ ಹುಡುಗರೇ ಅಲ್ಲಿ ಎಡವುತ್ತಾರೆ. ಗೊತ್ತಿಲ್ಲದ ಹೆಸರು ಕಂಡರೆ ಯಾರಾದರೂ ಕೇಳಿ ತಿಳಿದುಕೊಳ್ಳುತ್ತಾರೆ. ಗೊತ್ತಿರುವ ಹೆಸರಾದರೆ ಕೇಳುವುದೇ ಇಲ್ಲ, ಸುಮ್ನೆ ತಗೊಂಡು ತಿಂದುಬಿಡುತ್ತಾರೆ.

ಪುಡಿಂಗ್ ಅಂದ್ರೆ ನಮಗೆ ಸಿಹಿ. ಅಲ್ಲಿಯೂ ಊಟದ ಕೊನೆಗೆ ಬರುವ ಸಿಹಿಗೆ ಪುಡಿಂಗ್ ಅಂತಾರೆ. ಆದರೆ ಬ್ಲ್ಯಾಕ್ ಪುಡಿಂಗ್ ಮಾಡುವುದು ಹಂದಿಯ ರಕ್ತದಿಂದ. ಬೆಳಗಿನ ನಾಷ್ಟಾದ ತಟ್ಟೆಯಲ್ಲಿ ಕರ್ರಗಿನ ಬಿಲ್ಲೆ ಕೊಯ್ದು ಇಟ್ಟಿರುತ್ತಾರೆ. ಲೀಡ್ಸ್ ಇರುವುದು ಯಾರ್ಕ್‌ಶೈರ್ ಸೀಮೆಯಲ್ಲಿ, ಅಲ್ಲಿಯ ಯಾರ್ಕ್‌ಶೈರ್ ಪುಡಿಂಗ್ ಅವನಿಗೆ ಎದುರಾಗದೇ ಇರುವುದಿಲ್ಲ. ಅದು ಸಿಹಿಯೇ ಅಲ್ಲ. ಮೈದಾ, ತತ್ತಿ, ಹಾಲು ಕಲಸಿ ಓವನ್‌ನಲ್ಲಿ ಉಬ್ಬಿಸುತ್ತಾರೆ, ಹಳೆಯ ಪದ್ಧತಿಯಲ್ಲಾದರೆ ದನದ ಕೊಬ್ಬು ಹಾಕಿ. ಸ್ವೀಟ್‌ಬ್ರೆಡ್ ಅಂತ ಬರೆದಿದ್ದರೆ ಅದು ಸಿಹಿಯೂ ಅಲ್ಲ, ಬ್ರೆಡ್ಡೂ ಅಲ್ಲ. ಕರು ಅಥವಾ ಕುರಿಮರಿಯ ಗ್ರಂಥಿ ಅದು. ಇನ್ನು ಕ್ರಿಸ್‌ಮಸ್ ಹೊತ್ತಿಗೆ ಮಿನ್ಸ್ ಪೈ ಬರುತ್ತದೆ. ಅದರೊಳಗಿನ ಮಿನ್ಸ್‌ಮೀಟ್‌ನಲ್ಲಿ ಮಾಂಸ ಇರುವುದಿಲ್ಲ. ಒಣದ್ರಾಕ್ಷಿ, ಸೇಬು, ಮಸಾಲೆ ಇರುತ್ತದೆ. ಆದರೆ ಅದಕ್ಕೆ ಸುಯೆಟ್ ಅಂತ ದನದ ಕೊಬ್ಬು ಸೇರಿಸುವುದುಂಟು. ವೆಜಿಟೆಬಲ್ ಸುಯೆಟ್ ಹಾಕಿದ್ದೂ ಸಿಗುತ್ತದೆ, ಪೊಟ್ಟಣದ ಹಿಂದೆ ನೋಡಿ ತಗೋಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಚಿಪ್ಸ್. ನಮ್ಮ ತೆಳ್ಳನೆಯ ಗರಿಗರಿ ಚಿಪ್ಸ್‌ಗೆ ಅಲ್ಲಿ ಕ್ರಿಸ್ಪ್ಸ್ ಅಂತಾರೆ. ಚಿಪ್ಸ್ ಅಂದ್ರೆ ದಪ್ಪಗೆ ಉದ್ದಕ್ಕೆ ಹೆಚ್ಚಿ ಕರಿದ ಬಿಸಿ ಆಲೂಗಡ್ಡೆ. ಆಲೂಗಡ್ಡೆ ತಾನೇ, ಏನಾಗುತ್ತದೆ ಅಂತ ನಮ್ಮ ಹುಡುಗರು ಧೈರ್ಯವಾಗಿ ತಿನ್ನುತ್ತಾರೆ. ಯಾರ್ಕ್‌ಶೈರ್‌ನ ಎಷ್ಟೋ ಚಿಪ್ಸ್ ಅಂಗಡಿಗಳಲ್ಲಿ ಇವತ್ತಿಗೂ ಕರಿಯುವುದು ಬೀಫ್ ಡ್ರಿಪ್ಪಿಂಗ್‌ನಲ್ಲಿ, ಅಂದರೆ ದನದ ಕೊಬ್ಬಿನಲ್ಲಿ. ರುಚಿ ಬರುವುದೇ ಅದರಿಂದ ಅಂತ ಅವರು ಹೆಮ್ಮೆಯಿಂದ ಬೋರ್ಡ್ ಹಾಕಿರುತ್ತಾರೆ. ಅವರೇನೂ ಮುಚ್ಚಿಡುವುದಿಲ್ಲ. ‘ಯಾವ ಎಣ್ಣೆಯಲ್ಲಿ ಕರಿಯುತ್ತೀರಿ’ ಅಂತ ಕೇಳಿದರೆ ನೇರವಾಗಿ ಹೇಳುತ್ತಾರೆ. ಆ ಪ್ರಶ್ನೆ ಬಾಯಿಪಾಠ ಮಾಡಿಸಿ ಕಳಿಸಿ.

ಗ್ರೇವಿಯದೂ ಹೀಗೇ. ನಮ್ಮ ಹೋಟೆಲ್ಲಿನಲ್ಲಿ ಪನೀರ್ ಗ್ರೇವಿ ಕೇಳುತ್ತೇವೆ. ಅಲ್ಲಿ ಗ್ರೇವಿ ಅಂದ್ರೆ ಮಾಂಸ ಬೇಯುವಾಗ ಇಳಿಯುವ ರಸವನ್ನು ಗಟ್ಟಿ ಮಾಡಿದ್ದು. ವೆಜಿಟೇರಿಯನ್ ಗ್ರೇವಿ ಬೇಕಾದರೆ ಬೇರೆ ಕೇಳಬೇಕು.

‘ನಾನು ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಸಾಲದು. ಅವರ ಲೆಕ್ಕದಲ್ಲಿ ತತ್ತಿ ವೆಜಿಟೇರಿಯನ್. ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯ ಕಡ್ಡಾಯ ಅಲ್ಲಿಲ್ಲ. ಆದರೆ ಇನ್ನೊಂದು ಅನುಕೂಲ ಇದೆ. ಅಲರ್ಜಿ ತರುವ 14 ಪದಾರ್ಥಗಳನ್ನು ಪಟ್ಟಿಯಲ್ಲಿ ಎದ್ದು ಕಾಣುವಂತೆ ಅಚ್ಚು ಹಾಕಲೇಬೇಕು ಅಂತ ಅಲ್ಲಿ ಕಾನೂನಿದೆ. ತತ್ತಿ, ಹಾಲು, ಮೀನು ಅದರಲ್ಲಿ ಸೇರಿವೆ. ದನ, ಹಂದಿಯ ಚರ್ಮ, ಎಲುಬಿನಿಂದ ತೆಗೆಯುವ ಜೆಲಟಿನ್ ಸೇರಿಲ್ಲ. ಜೆಲ್ಲಿ, ಮಾರ್ಷ್‌ಮ್ಯಾಲೋ ತಗೊಳ್ಳುವಾಗ ಸಣ್ಣ ಅಕ್ಷರವನ್ನೂ ಓದಬೇಕು. ವೂಸ್ಟರ್ ಸಾಸ್‌ನಲ್ಲಿ ಮೀನು ಇರುತ್ತದೆ. ಪಾರ್ಮೆಸಾನ್ ಚೀಸ್‌ಗೆ ಕರುವಿನ ಹೊಟ್ಟೆಯ ರೆನೆಟ್ ಹಾಕಿ ಹಾಲು ಒಡೆಸುತ್ತಾರೆ.

ಒಂದು ಸಂತೋಷದ ಮಾತೂ ಹೇಳಿಬಿಡುತ್ತೇನೆ. ಅಲ್ಲಿಯ ಗೆಳೆಯರು ‘ಸಂಜೆ ಟೀಗೆ ಬಾ’ ಅಂತ ಕರೆದರೆ ಮನೆಯಲ್ಲಿ ಊಟ ಮಾಡಿ ಹೋಗಬಾರದು. ಇಂಗ್ಲೆಂಡಿನ ಉತ್ತರದ ಕಡೆ ಟೀ ಅಂದ್ರೆ ರಾತ್ರಿಯ ಊಟವೇ. ಬೇಗ ಉಣ್ಣುತ್ತಾರೆ, ಅಷ್ಟೇ. ಕರೆದವರಿಗೆ ತತ್ತಿಯ ವಿಷಯ ಮೊದಲೇ ಹೇಳಿಟ್ಟರೆ ಅವರಿಗೂ ಅನುಕೂಲ.

ಪ್ರಶ್ನೆ: ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. ಮೊಮ್ಮಗಳ ಶಾಲೆಯ ಕಾರ್ಯಕ್ರಮಕ್ಕೆ ಕರೆದು, ಬರುವಾಗ ‘ಬ್ರಿಂಗ್ ಎ ಪ್ಲೇಟ್’ ಅಂತ ಚೀಟಿ ಕಳಿಸಿದ್ದಾರೆ. ಅಷ್ಟು ದೊಡ್ಡ ಶಾಲೆಯಲ್ಲಿ ತಟ್ಟೆಗೆ ಕೊರತೆಯೇ? ಇನ್ನೊಂದು ವಿಷಯ. ಅವಳು ಅಲ್ಲಿ ಹೋಳಿಗೆ ಮಾಡಿದರೆ ಉಬ್ಬಿ ಹರಿಯುತ್ತವಂತೆ. ಇಲ್ಲಿ ನನ್ನ ಹತ್ತಿರ ಕಲಿತವಳೇ.
*ಒಬ್ಬ ಅಜ್ಜಿ, ವಿಜಯಪುರ*

ಉತ್ತರ: ಅಕ್ಕಾರೇ, ಖಾಲಿ ತಟ್ಟೆ ಅಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಆ ಮಾತಿಗೆ ಅರ್ಥ ಬೇರೆ. ಎಲ್ಲರೂ ಹಂಚಿಕೊಂಡು ತಿನ್ನಲು ಏನಾದರೂ ಮಾಡಿಕೊಂಡು ಬನ್ನಿ ಅಂತ. ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಎಲ್ಲರೂ ಕೂತು ಉಣ್ಣುವ ಎಳ್ಳ ಅಮಾವಾಸ್ಯೆಯ ಹಾಗೆ ಅನ್ನಿ.

ಆದರೆ ಏನು ಒಯ್ಯಬೇಕು ಅನ್ನುವಲ್ಲಿ ಹುಷಾರಾಗಿರಬೇಕು. ನಮ್ಮ ಮನೆಗಳಲ್ಲಿ ಶೇಂಗಾ ಇಲ್ಲದ ಅಡುಗೆ ಕಡಿಮೆ. ಪಲ್ಯಕ್ಕೆ ಶೇಂಗಾ ಪುಡಿ, ರೊಟ್ಟಿಗೆ ಶೇಂಗಾ ಹಿಂಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ಅಲ್ಲಿ ಕೆಲವು ಮಕ್ಕಳಿಗೆ ಶೇಂಗಾದಿಂದ ಜೀವಕ್ಕೇ ಅಪಾಯ ಆಗುವಷ್ಟು ಅಲರ್ಜಿ ಇರುತ್ತದೆ. ಎಷ್ಟೋ ಶಾಲೆಗಳು ಅದನ್ನು ತರಲೇಬೇಡಿ ಅನ್ನುತ್ತವೆ. ಎಳ್ಳಿಗೂ ಅಲರ್ಜಿ ಇರುವವರಿದ್ದಾರೆ. ಕಡಲೆಬೇಳೆ ಹೋಳಿಗೆ ಮಾಡಲಿ. ಡಬ್ಬಿಯ ಮುಂದೆ ಗೋಧಿ, ತುಪ್ಪ, ಕಡಲೆಬೇಳೆ, ಬೆಲ್ಲ ಅಂತ ಒಂದು ಚೀಟಿ ಬರೆದಿಡಲಿ. ಮಕ್ಕಳ ತಾಯಂದಿರು ಅದನ್ನೇ ಮೊದಲು ಹುಡುಕುತ್ತಾರೆ.

ಇನ್ನು ಉಬ್ಬುವ ಹೋಳಿಗೆ. ಅವಳ ಕೈ ಕೆಟ್ಟಿಲ್ಲ, ಹಿಟ್ಟು ಬೇರೆ. ಅಲ್ಲಿಯ ಅಂಗಡಿಯಲ್ಲಿ ಒಂದೇ ಥರದ ಎರಡು ಪೊಟ್ಟಣ ಒಂದರ ಪಕ್ಕ ಒಂದು ಇಟ್ಟಿರುತ್ತಾರೆ. ಒಂದರ ಮೇಲೆ ಪ್ಲೇನ್ ಫ್ಲೋರ್, ಇನ್ನೊಂದರ ಮೇಲೆ ಸೆಲ್ಫ್ ರೇಸಿಂಗ್ ಫ್ಲೋರ್. ಎರಡನೆಯದರಲ್ಲಿ ಬೇಕಿಂಗ್ ಪೌಡರ್ ಮೊದಲೇ ಬೆರೆಸಿರುತ್ತದೆ. ಕಣಕ ನಾದುವಾಗ ಏನೂ ಗೊತ್ತಾಗುವುದಿಲ್ಲ, ಮೆತ್ತಗೆ ಚಂದ ಬರುತ್ತದೆ. ಲಟ್ಟಿಸಿ ಕಾದ ಹಂಚಿನ ಮೇಲೆ ಹಾಕಿದ ಕೂಡಲೇ ಒಳಗಿನಿಂದ ಗುಳ್ಳೆ ಎದ್ದು ದಪ್ಪ ಆಗುತ್ತದೆ. ಅಂಚು ಹರಿಯುತ್ತದೆ. ಹೂರಣ ಹೊರಗೆ ಬಂದು ಹಂಚಿಗೆ ಅಂಟಿ ಸೀಯುತ್ತದೆ. ನನ್ನ ಮಗಳ ಪಕ್ಕದ ಮನೆಯ ಹುಡುಗಿ ಇದೇ ತೊಂದರೆ ಹೇಳಿಕೊಂಡು ಬಂದಿದ್ದಳು. ಪೊಟ್ಟಣ ತರಿಸಿ ನೋಡಿದಾಗ ಕಾರಣ ಸಿಕ್ಕಿತು. ಪ್ಲೇನ್ ತರಲು ಹೇಳಿ.

ಅಳತೆಯನ್ನೂ ನೋಡಿಕೊಳ್ಳಲಿ. ಅಲ್ಲಿ ಟೇಬಲ್ ಚಮಚ 20 ಮಿಲಿ. ಇಂಗ್ಲೆಂಡ್, ಅಮೆರಿಕ, ಪಕ್ಕದ ನ್ಯೂಜಿಲೆಂಡಿನಲ್ಲೂ 15 ಮಿಲಿ. ಕಪ್ ಅಲ್ಲಿ 250 ಮಿಲಿ, ಅಮೆರಿಕದ್ದು ಸುಮಾರು 240. ಯಾವ ದೇಶದ ಅಡುಗೆ ವಿಡಿಯೋ ಅಂತ ನೋಡದೆ ಚಮಚ ಹಾಕಿದರೆ ಸೋಡಾ, ಉಪ್ಪು ಜಾಸ್ತಿ ಆಗುತ್ತವೆ. ಒಂದು ಸಣ್ಣ ತಕ್ಕಡಿ ಕೊಂಡು ಗ್ರಾಮ್ ಲೆಕ್ಕದಲ್ಲಿ ಮಾಡುವುದು ಚಲೋ.

ಪ್ರಶ್ನೆ: ಪರೀಕ್ಷೆಯಲ್ಲಿ ಬದನೆಕಾಯಿಗೆ ಬ್ರಿಂಜಲ್ ಅಂತ ಬರೆದೆ. ಅದು ತಪ್ಪು, ಎಗ್‌ಪ್ಲಾಂಟ್ ಅನ್ನಬೇಕು ಅಂತಾನೆ ಗೆಳೆಯ. ಯಾವುದು ಸರಿ?
*ಪಿಯುಸಿ ವಿದ್ಯಾರ್ಥಿ, ಚಿಕ್ಕೋಡಿ*

ಉತ್ತರ: ತಮ್ಮಾ, ನೀನು ಬರೆದದ್ದು ಸರಿ. ಅಮೆರಿಕ, ಆಸ್ಟ್ರೇಲಿಯಾದವರು ಎಗ್‌ಪ್ಲಾಂಟ್ ಅಂತಾರೆ, ಇಂಗ್ಲೆಂಡಿನವರು ಓಬರ್ಜಿನ್. ನಾವು ಮತ್ತು ದಕ್ಷಿಣ ಆಫ್ರಿಕಾದವರು ಬ್ರಿಂಜಲ್. ಬ್ರಿಂಜಲ್ ನಮಗೆ ಪೋರ್ಚುಗೀಸರಿಂದ ಬಂತು. ಓಬರ್ಜಿನ್ ಫ್ರೆಂಚರ ದಾರಿಯಲ್ಲಿ ಇಂಗ್ಲೆಂಡಿಗೆ ಹೋಯಿತು. ಎರಡರ ಮೂಲವೂ ಒಂದೇ ಅರಬ್ಬಿ ಪದ. ಅಂದಮೇಲೆ ನಮ್ಮದು ಹೇಗೆ ಕೀಳಾಗುತ್ತದೆ? ದೊಣ್ಣೆಮೆಣಸಿನಕಾಯಿಗೆ ನಾವು ಹೇಳುವ ಕ್ಯಾಪ್ಸಿಕಂ ಆಸ್ಟ್ರೇಲಿಯಾದಲ್ಲೂ ನಡೆಯುತ್ತದೆ, ಅಮೆರಿಕದಲ್ಲಿ ಮಾತ್ರ ಬೆಲ್ ಪೆಪ್ಪರ್ ಅನ್ನಬೇಕು.

ಪ್ರಶ್ನೆ: ಮಗಳ ಬಾಣಂತನಕ್ಕೆ ನಾನು, ನಮ್ಮವರು ಟೆಕ್ಸಾಸ್‌ಗೆ ಹೊರಟಿದ್ದೇವೆ. ಇವರಿಗೆ ಜೋಳದ ರೊಟ್ಟಿ ಇಲ್ಲದೆ ನಡೆಯುವುದಿಲ್ಲ. ಚಹಾದ ಜೊತೆ ಬಿಸ್ಕಿಟ್ ಬೇಕೇ ಬೇಕು.
*ಗೃಹಿಣಿ, ಇಳಕಲ್*

ಉತ್ತರ: ಬಿಸ್ಕಿಟ್ ಬೇಕಾದರೆ ಅಲ್ಲಿ ಕುಕೀಸ್ ಅಂತ ಕೇಳಿ. ಅಮೆರಿಕದ ಬಿಸ್ಕಿಟ್ ಅಂದ್ರೆ ಮೆತ್ತಗಿನ, ಉಬ್ಬಿದ, ಉಪ್ಪುಪ್ಪಾದ ಬ್ರೆಡ್. ಅದರ ಮೇಲೆ ಬೆಳ್ಳನೆಯ ಗ್ರೇವಿ ಸುರಿದು ಕೊಡುತ್ತಾರೆ, ಗ್ರೇವಿಯಲ್ಲಿ ಹಂದಿಮಾಂಸದ ಸಾಸೇಜ್ ಚೂರು ಇರುತ್ತದೆ. ಸುಮ್ನೆ ಟೀ ಅಂದರೆ ಟೆಕ್ಸಾಸ್‌ನಲ್ಲಿ ಐಸ್ ಹಾಕಿದ ಟೀ ಬರಬಹುದು, ‘ಹಾಟ್ ಟೀ’ ಅನ್ನಿ. ಹಾಲು ಬೇರೆ ಕೇಳಬೇಕು. ಹೋಟೆಲ್ಲಿನಲ್ಲಿ ಬಿಲ್ಲಿಗೆ ಚೆಕ್ ಅಂತಾರೆ. ಮೆನುವಿನಲ್ಲಿರುವ ಬೆಲೆಯ ಮೇಲೆ ತೆರಿಗೆ ಬೀಳುತ್ತದೆ, ಬಡಿಸಿದವರಿಗೆ ನೂರಕ್ಕೆ 15ರಿಂದ 20 ಟಿಪ್ ಕೊಡುವುದು ವಾಡಿಕೆ. ಅವರ ಸಂಪಾದನೆಯಲ್ಲಿ ಅದೇ ದೊಡ್ಡ ಪಾಲು, ತಪ್ಪಿಸಬೇಡಿ.

ಜೋಳದ ಹಿಟ್ಟಿಗೆ ಹೋಗಿ ಕಾರ್ನ್ ಫ್ಲೋರ್ ಕೇಳಿದರೆ ಗೋವಿನಜೋಳದ ಹಿಟ್ಟು ಕೊಡುತ್ತಾರೆ. ನಮ್ಮ ಜೋಳಕ್ಕೆ ಅಲ್ಲಿ ಸೋರ್ಗಮ್ ಅಂತಾರೆ. ಕ್ಯಾನ್ಸಸ್ ಬಿಟ್ಟರೆ ಟೆಕ್ಸಾಸ್‌ನಲ್ಲೇ ಅದನ್ನು ಜಾಸ್ತಿ ಬೆಳೆಯುತ್ತಾರೆ. ಹೆಚ್ಚಿನದು ದನಗಳ ಮೇವಿಗೆ, ಎಥನಾಲ್‌ಗೆ, ರಫ್ತಿಗೆ ಹೋಗುತ್ತದೆ. ರೊಟ್ಟಿ ಬಡಿಯುವುದಾದರೆ ಭಾರತೀಯರ ಅಂಗಡಿಯಲ್ಲಿ ಜವಾರ್ ಹಿಟ್ಟು ಅಂತ ಕೇಳಿ ತರಿಸಿ, ತಾಜಾ ನೋಡಿ ತಗೊಳ್ಳಿ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಒಡೆಯುತ್ತದೆ. ಗುರೆಳ್ಳ ಚಟ್ನಿಯನ್ನು ಮಾತ್ರ ಇಲ್ಲಿಂದಲೇ ಪುಡಿ ಮಾಡಿ ಒಯ್ಯಿರಿ. ಅಲ್ಲಿ ಗುರೆಳ್ಳು ಸಿಗುವುದು ಹಕ್ಕಿಗಳ ಕಾಳು ಅಂತ, ಹೊರಗಿನಿಂದ ತರಿಸಿ, ಮೊಳೆಯದಂತೆ ಕಾಯಿಸಿ ಮಾರುತ್ತಾರೆ. ಅದು ಮನುಷ್ಯರು ತಿನ್ನಲೆಂದು ಸಿದ್ಧ ಮಾಡಿದ್ದಲ್ಲ. ವಿಮಾನ ಇಳಿದ ಮೇಲೆ ಕಸ್ಟಮ್ಸ್‌ನವರಿಗೆ ಚಟ್ನಿಪುಡಿ, ಹಪ್ಪಳ, ಕರದಂಟು ಏನಿದೆಯೋ ಎಲ್ಲಾ ಹೇಳಿಬಿಡಿ. ಪ್ರತಿ ಪೊಟ್ಟಣದ ಮೇಲೆ ಒಳಗೇನಿದೆ ಅಂತ ಇಂಗ್ಲಿಷಿನಲ್ಲಿ ಮಗಳ ಹತ್ತಿರ ಕೇಳಿ ಬರೆಸಿಕೊಂಡಿರಿ.