ಮುದಿ ಹೇಂಟೆಯ ಕೊನೆಯ ದಿನಗಳು: ಒಂದು ಆಪ್ತಸಲಹೆ ಪ್ರಕರಣ

ಉಡುಪಿ ಸಮೀಪದ ಹಳ್ಳಿಯೊಂದರ ನಿವೃತ್ತ ಶಿಕ್ಷಕಿಯೊಬ್ಬರು ರಾತ್ರಿ ನಿದ್ದೆ ಬರುವುದಿಲ್ಲವೆಂದು ಹೇಳಿಕೊಂಡು ನನ್ನಲ್ಲಿಗೆ ಬಂದಿದ್ದರು. ಇಲ್ಲಿ ಅವರನ್ನು ಟೀಚರ್ ಎಂದಷ್ಟೇ ಕರೆಯುತ್ತೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಪತಿ ತೀರಿಕೊಂಡ ವಿಷಯ, ಮಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನ ವಿಷಯ ಎಲ್ಲ ಮುಗಿದ ಬಳಿಕ ಅವರು ತಗ್ಗಿದ ಸ್ವರದಲ್ಲಿ, “ಒಂದು ಕೋಳಿಗೆ ಬೇಕಾಗಿ ನಿಮ್ಮ ಹತ್ರ ಬಂದದ್ದು ಅಂತ ಗೊತ್ತಾದ್ರೆ ಊರವರು ನಗಾಡ್ತಾರೆ” ಎಂದರು.

ಅದು ಪತಿ ಮರಿಯಿಂದ ಸಾಕಿದ್ದ ಊರಕೋಳಿ. ವಯಸ್ಸು ಏಳು ದಾಟಿದೆ, ಮೊಟ್ಟೆ ನಿಂತು ಬಹಳ ಕಾಲವಾಗಿದೆ. ಕೆಲವು ವಾರಗಳಿಂದ ಅದರ ಹೊಟ್ಟೆ ನೀರು ತುಂಬಿದಂತೆ ಊದಿಕೊಂಡು, ಕಾಲು ಅಗಲಿಸಿ ಬಾತುಕೋಳಿಯಂತೆ ನಡೆಯುತ್ತಿತ್ತು. ಪಶುವೈದ್ಯರು ಒಮ್ಮೆ ನೀರು ತೆಗೆದರೂ ಅದು ಮತ್ತೆ ತುಂಬಿಕೊಂಡಿತು. ಅಂಡಾಶಯದ ಗಡ್ಡೆಯೋ ಹೊಟ್ಟೆಯೊಳಗೆ ಮೊಟ್ಟೆಯ ಅಂಶ ಸೇರಿ ಆದ ಸೋಂಕೋ ಇರಬಹುದು, ವಯಸ್ಸಾದ ಹೇಂಟೆಗಳಲ್ಲಿ ಎರಡೂ ಸಾಮಾನ್ಯ, ಗುಣವಾಗುವ ಭರವಸೆ ಇಲ್ಲ ಎಂದು ಅವರು ಹೇಳಿದ್ದರು.

ಮನೆಯಲ್ಲಿ ಅಭಿಪ್ರಾಯ ಮೂರು ದಿಕ್ಕಿಗಿತ್ತು. ಮಗ, “ಅಮ್ಮ, ಇನ್ನು ಪದಾರ್ಥ ಮಾಡುವುದೇ ಒಳ್ಳೆಯದು” ಎಂದ, ಅಂದರೆ ಕೊಯ್ದು ಸಾರು ಮಾಡುವುದು. ನೆರೆಯವರು ಹೇಗೂ ದೈವಕ್ಕೆ ಕೋಳಿಯ ಅಡುಗೆ ಬಡಿಸುವ ಅಗೇಲು ಸೇವೆಗೆ ಕೋಳಿ ಬೇಕಲ್ಲ ಎಂದರು. ಅಕ್ಕನದ್ದು, ತಾನಾಗಿ ಸಾಯಲಿ, ನಾವು ಕೈ ಹಾಕುವುದು ಬೇಡ ಎಂಬ ಮಾತು.

ಮೊದಲೆರಡು ಸಲಹೆಗಳು ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೀಗೆ ಕಾಯಿಲೆ ಬಿದ್ದು ಆ್ಯಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವ ಕೋಳಿ ಊಟಕ್ಕೆ ಯೋಗ್ಯವಲ್ಲ. ಇದನ್ನು ಮಗನಿಗೆ ವೈದ್ಯರೇ ಹೇಳುವಂತೆ ಏರ್ಪಾಡು ಮಾಡಿದೆ, ಏಕೆಂದರೆ ತಾಯಿ ಹೇಳಿದರೆ ಅದು ಬರೇ ಮಮತೆಯ ಮಾತೆಂದು ಕೇಳಿಸುತ್ತಿತ್ತು. ದೈವದ ವಿಷಯಕ್ಕೆ ಟೀಚರ್ ತಾವೇ ಉತ್ತರ ಕೊಟ್ಟರು: “ಹುಷಾರಿಲ್ಲದ್ದನ್ನು ದೈವಕ್ಕೆ ಕೊಡ್ಲಿಕ್ಕುಂಟಾ?”

ಅಕ್ಕನ ಮಾತಿನಲ್ಲಿ ಮಾತ್ರ ಬಹಳ ಹೊತ್ತು ನಿಲ್ಲಬೇಕಾಯಿತು. ತಾನಾಗಿ ಸಾಯಲಿ ಎನ್ನುವುದೂ ಒಂದು ತೀರ್ಮಾನವೇ. ಅದರ ಬೆಲೆಯನ್ನು ತೆರುವುದು ಕೋಳಿ ಎಂಬುದಷ್ಟೇ ವ್ಯತ್ಯಾಸ. ಬೇಟೆಗೆ ತುತ್ತಾಗುವ ಜಾತಿಯಾದ್ದರಿಂದ ಕೋಳಿ ತನ್ನ ನೋವನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ಹಾಗಾಗಿ ಅದು ಸುಮ್ಮನೆ ಕೂತಿರುವುದನ್ನು ನೆಮ್ಮದಿಯೆಂದು ಓದಿಕೊಳ್ಳುವುದು ಸುಲಭ. ಆದ್ದರಿಂದ ಊಹಿಸುವುದನ್ನು ಬಿಟ್ಟು ನೋಡಿ ಬರೆದಿಡಲು ಹೇಳಿದೆ. ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ತಾನಾಗಿ ಹೊರಬರುತ್ತದೆಯೇ, ಮುಂಜಾನೆ ಕತ್ತಿನ ಬುಡದ ಚೀಲವನ್ನು ಮುಟ್ಟಿದರೆ ರಾತ್ರಿಯ ಕಾಳು ಕರಗಿ ಖಾಲಿಯಾಗಿದೆಯೇ, ಎದೆಯ ಮೂಳೆ ಕೈಗೆ ಚೂಪಾಗಿ ಸಿಗುತ್ತಿದೆಯೇ, ಜುಟ್ಟು ಕೆಂಪಾಗಿದೆಯೇ ಕಪ್ಪಿಟ್ಟಿದೆಯೇ, ಉಳಿದ ಹೇಂಟೆಗಳು ತೆಂಗಿನ ಬುಡದಲ್ಲಿ ಮಣ್ಣು ಕೆದರಿ ಹೊರಳಾಡುವಾಗ ಇದೂ ಸೇರುತ್ತದೆಯೇ ಎಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕುವುದು. ಕೆಟ್ಟ ದಿನಗಳು ಒಳ್ಳೆಯ ದಿನಗಳನ್ನು ಮೀರಿದ ವಾರದಲ್ಲಿ ಪಶುವೈದ್ಯರನ್ನು ಕರೆಸುವುದೆಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು, ಏಕೆಂದರೆ ಆ ದಿನ ಬಂದಾಗ ಮನಸ್ಸು ಇನ್ನೊಂದು ವಾರ ಎಂದೇ ಕೇಳುತ್ತದೆ.

ಕೋಳಿ ಪದಾರ್ಥ ಉಣ್ಣುವ ಮನೆಯಲ್ಲಿ ಒಂದು ಕೋಳಿಗಾಗಿ ಅಳುವುದು ಬೂಟಾಟಿಕೆಯಲ್ಲವೇ ಎಂದು ಅವರು ಎರಡು ಬಾರಿ ಕೇಳಿದರು. ಅಲ್ಲವೆಂದು ಸ್ಪಷ್ಟವಾಗಿಯೇ ಹೇಳಿದೆ. ಮಾಂಸದಂಗಡಿಯ ಕೋಳಿಯ ಜೊತೆ ಅವರಿಗೆ ಒಡನಾಟವಿರಲಿಲ್ಲ, ಇದರ ಜೊತೆ ಇತ್ತು. ಪತಿಯ ಕೈಯಿಂದ ಕಾಳು ತಿಂದದ್ದು ಈಗ ಅಂಗಳದಲ್ಲಿ ಇದೊಂದೇ ಉಳಿದಿರುವುದರಿಂದ, ಆ ಅಳುವಿನಲ್ಲಿ ಪತಿಗೆ ಸಲ್ಲಬೇಕಾದ ಪಾಲೂ ಇತ್ತು. ಅವರ ನಿದ್ದೆ ಕೆಡಿಸಿದ್ದು ದುಃಖಕ್ಕಿಂತ ಹೆಚ್ಚಾಗಿ ಆ ನಾಚಿಕೆಯೆಂದು ನನ್ನ ಅಭಿಪ್ರಾಯ.

ಕೊನೆಗಾಣಿಸುವುದು ಹೇಗೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಮಾತಾಡಿದೆವು. ಕೈಪಳಗಿದವರು ಕತ್ತಿನ ಕೀಲು ತಪ್ಪಿಸಿದರೆ ಕ್ಷಣದಲ್ಲಿ ಮುಗಿಯುತ್ತದೆ, ಪಳಗದ ಕೈಯಾದರೆ ನರಳಾಟ. ಆದ್ದರಿಂದ ಮಗ ತಾನೇ ಮಾಡುತ್ತೇನೆಂದು ಮುಂದೆ ಬಂದಾಗ ನಾನು ಒಪ್ಪಲಿಲ್ಲ. ವೈದ್ಯರಾದರೆ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಆದರೆ ಆ ಮದ್ದು ದೇಹದಲ್ಲಿ ಉಳಿಯುವುದರಿಂದ ನಾಯಿ, ಕಾಗೆಗಳಿಗೆ ಸಿಗದಂತೆ ಮೂರಡಿಯಾದರೂ ಆಳಕ್ಕೆ ಹೂಳಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗುಂಡಿ ತೋಡುತ್ತಿದ್ದಂತೆ ಒರತೆ ಬರುವುದರಿಂದ ಬಾವಿಯಿಂದ ದೂರದ ಎತ್ತರದ ಜಾಗವನ್ನು ಮೊದಲೇ ನೋಡಿಡಲು ತಿಳಿಸಿದೆ. ಆರು ವರ್ಷದ ಮೊಮ್ಮಗನಿಗೆ ‘ಬೇರೆ ಮನೆಗೆ ಕೊಟ್ಟೆವು’ ಎನ್ನುವ ಯೋಚನೆ ಅಕ್ಕನದ್ದಾಗಿತ್ತು. ಹಾಗೆ ಹೇಳಿದರೆ ಅವನು ಆ ಮನೆ ಯಾವುದೆಂದು ಕೇಳುತ್ತಲೇ ಇರುತ್ತಾನೆ. ಕಾಯಿಲೆ ವಾಸಿಯಾಗುವುದಿಲ್ಲ, ನೋವು ಹೆಚ್ಚುತ್ತಿದೆ, ಡಾಕ್ಟರು ಅದನ್ನು ಸಾಯಿಸುತ್ತಾರೆ ಎಂದು ಇದ್ದದ್ದನ್ನೇ ಹೇಳಲು ಸೂಚಿಸಿದೆ.

ಮುಂದಿನ ಭೇಟಿಗೆ ಟೀಚರ್ ಕ್ಯಾಲೆಂಡರಿನ ಹಾಳೆಯನ್ನೇ ಹರಿದು ತಂದರು. ವೈದ್ಯರು ಶನಿವಾರ ಬರುವುದೆಂದಾಗಿತ್ತು, ಮಗ ರಜೆ ಹಾಕಿ ಗುಂಡಿ ತೋಡುವುದನ್ನು ವಹಿಸಿಕೊಂಡಿದ್ದ. ಕೋಳಿಯನ್ನು ಹಿಡಿದುಕೊಳ್ಳುವವರು ಯಾರೆಂದು ಅಂದು ಚರ್ಚಿಸಿದೆವು. ತಾವೇ ಹಿಡಿದುಕೊಳ್ಳುವುದಾಗಿ ಅವರು ಹೇಳಿದರು. ನಿದ್ದೆಯ ವಿಷಯಕ್ಕೆ ತಿಂಗಳ ಬಳಿಕ ಮತ್ತೆ ಬರಲು ತಿಳಿಸಿದ್ದೇನೆ.