ಎಲ್ಲವನ್ನೂ ಅಪ್‌ಲೋಡ್ ಮಾಡುವ ಆತುರ ಬೇಡ

ವರ್ಷದ ನೋಟ್ಸ್ ಮತ್ತು ವಿಡಿಯೊ ಪಾಠಗಳನ್ನೆಲ್ಲ ಒಂದೇ ಕಡೆ ಹಾಕಲು ಆನ್‌ಲೈನಿನಲ್ಲಿ ಪಾಠ, ಅಸೈನ್‌ಮೆಂಟ್ ಕೊಡುವ ವ್ಯವಸ್ಥೆಗಳಾದ ಗೂಗಲ್ ಕ್ಲಾಸ್‌ರೂಮ್, ಮೂಡಲ್ ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ನಾನೂ ಅಲ್ಲಿಂದಲೇ ಆರಂಭಿಸಿದವನು. ರಜೆಯುದ್ದಕ್ಕೂ ಕುಳಿತು ವಿಜ್ಞಾನದ ಪಾಠಗಳನ್ನೆಲ್ಲ ಕ್ಲಾಸ್‌ರೂಮಿಗೆ ಸೇರಿಸಿ, ತರಗತಿ ಆರಂಭವಾದೊಡನೆ ಬೀಜ ಮೊಳೆಯುವ ಪಾಠದ ಪ್ರಶ್ನೆಗಳನ್ನು ಒಂದು ಗೂಗಲ್ ಡಾಕ್ಸ್ ಫೈಲಿನಲ್ಲಿ ಅಸೈನ್‌ಮೆಂಟ್ ಆಗಿ ಕೊಟ್ಟೆ.

ಫೈಲ್ ಲಗತ್ತಿಸುವಾಗ ಪಕ್ಕದಲ್ಲಿ ಮೂರು ಆಯ್ಕೆಗಳು ಕಾಣುತ್ತವೆ: ವಿದ್ಯಾರ್ಥಿಗಳು ಅದನ್ನು ನೋಡಬಹುದು, ತಿದ್ದಬಹುದು, ಇಲ್ಲವೇ ಪ್ರತಿಯೊಬ್ಬರಿಗೂ ಪ್ರತ್ಯೇಕ ಪ್ರತಿ ಹೋಗುತ್ತದೆ. ಮಕ್ಕಳು ಉತ್ತರ ಬರೆಯಬೇಕಲ್ಲ ಎಂದುಕೊಂಡು ನಾನು ಎರಡನೆಯದನ್ನು ಒತ್ತಿದೆ. ಇಡೀ ತರಗತಿ ಆಗ ತಿದ್ದುವುದು ಒಂದೇ ಫೈಲನ್ನು ಎಂಬುದು ನನಗೆ ಹೊಳೆಯಲೇ ಇಲ್ಲ. ಮೊದಲು ತೆರೆದ ಹುಡುಗಿ ಅಚ್ಚುಕಟ್ಟಾಗಿ ಬರೆದಿದ್ದಳು. ಅನಂತರ ಬಂದವನು ಅದನ್ನು ಮಾದರಿ ಉತ್ತರವೆಂದು ಭಾವಿಸಿ ಅಳಿಸಿ ತನ್ನದನ್ನು ಬರೆದ. ರಾತ್ರಿ ನಾನು ನೋಡುವ ಹೊತ್ತಿಗೆ ನನ್ನ ಪ್ರಶ್ನೆಗಳೇ ಅರ್ಧ ಮಾಯವಾಗಿದ್ದವು. ಒಮ್ಮೆ ಕೊಟ್ಟ ಮೇಲೆ ಅದನ್ನು ಪ್ರತ್ಯೇಕ ಪ್ರತಿಯಾಗಿ ಬದಲಾಯಿಸಲು ಬರುವುದಿಲ್ಲ, ಹೊಸದಾಗಿಯೇ ಕೊಡಬೇಕು. ಆ ಹುಡುಗಿ ಮಾತ್ರ ಮತ್ತೆ ಟೈಪ್ ಮಾಡಲು ಒಪ್ಪದೆ ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದಳು. ಅವಳದು ತಪ್ಪೆನ್ನಲು ನನಗೆ ಬಾಯಿರಲಿಲ್ಲ.

ಅಳಿದುಹೋದದ್ದನ್ನು ಹುಡುಕಲು ಫೈಲಿನ ವರ್ಷನ್ ಹಿಸ್ಟರಿ ತೆರೆದೆ. ಯಾರು ಯಾವಾಗ ಏನು ಬರೆದರು ಎಂಬುದು ಅಲ್ಲಿ ಬಣ್ಣಬಣ್ಣವಾಗಿ ಕಾಣುತ್ತದೆ. ಒಬ್ಬನು ‘ಬೀಜ ಮೊಳೆಯಲು ಮಣ್ಣು ಬೇಕೇ ಬೇಕು’ ಎಂದು ಬರೆದು, ಅಳಿಸಿ, ಮತ್ತೆ ಅದನ್ನೇ ಬರೆದಿದ್ದ. ನನ್ನ ವಿಡಿಯೊದಲ್ಲಿ ಒದ್ದೆ ಹತ್ತಿಯ ಮೇಲೆ ಕಾಳು ಮೊಳೆಯುವುದನ್ನು ತೋರಿಸಿದ್ದೆ. ಅವನು ಅದನ್ನು ನೋಡಿಯೇ ಇರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇವು ನೋಟ್ಸ್ ಪೇರಿಸಿಡುವ ಕಪಾಟುಗಳಲ್ಲ. ಮಕ್ಕಳು ಬರೆದದ್ದು ನಿಮ್ಮ ಕೈಗೆ ಬಂದು, ನಿಮ್ಮ ಮಾತಿನೊಂದಿಗೆ ಅವರಿಗೆ ಮರಳುವುದಕ್ಕೇ ಇವು ಬೇಕು. 2002ರಿಂದ ಇರುವ ಮೂಡಲ್ ಮುಕ್ತ ತಂತ್ರಾಂಶ, ಅದರ ಕ್ವಿಜ್ ಸೌಲಭ್ಯ ನಿಜಕ್ಕೂ ಬಲವಾದದ್ದು. ಆದರೆ ಅದನ್ನು ಶಾಲೆಯದೇ ಸರ್ವರ್‌ನಲ್ಲಿ ನಡೆಸುವುದಾದರೆ, ಆ ಸರ್ವರ್ ನೋಡಿಕೊಳ್ಳುವವರು ಇಲ್ಲದಿದ್ದರೆ ಆ ಕೆಲಸವೂ ನಿಮ್ಮ ತಲೆಗೇ ಬರುತ್ತದೆ. ಕ್ಲಾಸ್‌ರೂಮಿನಲ್ಲೇ ಆರಂಭಿಸಿ. ಇನ್ನೊಂದು ಖಾತೆಯಿಂದ ವಿದ್ಯಾರ್ಥಿಯಾಗಿ ಸೇರಿಕೊಂಡು, ನಿಮ್ಮ ಅಸೈನ್‌ಮೆಂಟ್ ಅವರಿಗೆ ಹೇಗೆ ಕಾಣುತ್ತದೆ ಎಂದು ಮೊದಲು ನೋಡಿ. ಅಂಕ ಕೊಡುವ ಮುನ್ನ ತಪ್ಪಿದ ಸಾಲಿನ ಪಕ್ಕದಲ್ಲೇ ಕಾಮೆಂಟ್ ಬರೆದು ಹಿಂತಿರುಗಿಸಿ, ಏಕೆಂದರೆ ಅಂಕ ಕಂಡ ಮೇಲೆ ಕಾಮೆಂಟ್ ಓದುವ ಮಕ್ಕಳನ್ನು ನಾನಂತೂ ಹೆಚ್ಚು ಕಂಡಿಲ್ಲ. ವಿಡಿಯೊಗಳನ್ನು ಆಮೇಲೆ, ಹೆಚ್ಚಿನವರು ಎಡವಿದ ಪ್ರಶ್ನೆಗೆ ಮಾತ್ರ, ಐದು ನಿಮಿಷ ಮೀರದಂತೆ ಮಾಡಿ ಹಾಕಿ.