ಶಾಸ್ತ್ರೀಯ ಸಂಗೀತದ ವಿಡಿಯೋಗಳನ್ನು ಹೊಸ ತಲೆಮಾರು ನೋಡುವಂತೆ ಮಾಡುವುದು ಹೇಗೆ?

ಪೂರ್ತಿ ಕಛೇರಿಯ ವಿಡಿಯೋ ಹಾಕಿದರೆ ಹುಡುಗರು ನೋಡುವುದಿಲ್ಲ, ಹಾಗಾದರೆ ಹಾಡನ್ನು ಮೊಟಕು ಮಾಡಬೇಕಾ, ಹಿಂದೆ ಬೀಟ್ ಸೇರಿಸಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಹಾಡುಗಾರಿಕೆ ಕಲಿಸುತ್ತೇನೆ, ಪಾಠದ ವಿಡಿಯೋಗಳನ್ನೂ ಮಾಡುತ್ತೇನೆ. ಹೊಸ ಕೇಳುಗರಿಗೆ ಎಲ್ಲಿ ಕಿವಿ ಇಡಬೇಕು ಅಂತ ಗೊತ್ತಾಗುವುದಿಲ್ಲ, ಅದಕ್ಕೇ ಬೇಜಾರಾಗುತ್ತದೆ. ಅದನ್ನು ತೋರಿಸಿಕೊಡಲು ವಿಡಿಯೋ ತುಂಬಾ ಅನುಕೂಲ.

ಅಮೆರಿಕದ ವಾದ್ಯವೃಂದ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ ಇದನ್ನು ಟಿವಿಯಲ್ಲೇ ಮಾಡಿದ್ದರು. 1958ರಿಂದ 1972ರವರೆಗೆ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದ ಜೊತೆ ಮಕ್ಕಳಿಗಾಗಿ 53 ಕಾರ್ಯಕ್ರಮ ಕೊಟ್ಟರು. ಒಂದು ತುಣುಕನ್ನು ಪಿಯಾನೋದಲ್ಲಿ ನುಡಿಸಿ, ಬಿಡಿಸಿ ಹೇಳಿ, ಆಮೇಲೆ ಇಡೀ ವಾದ್ಯವೃಂದದಲ್ಲಿ ಕೇಳಿಸುತ್ತಿದ್ದರು. ಈಗ ಸ್ಟೀಫನ್ ಮಲಿನೌಸ್ಕಿ ಅವರ ಯೂಟ್ಯೂಬ್ ವಿಡಿಯೋಗಳಲ್ಲಿ ಸ್ವರಗಳು ಬಣ್ಣದ ಪಟ್ಟಿಗಳಾಗಿ ಹರಿಯುತ್ತವೆ. ನೊಟೇಶನ್ ಓದಲು ಬಾರದವರಿಗೂ, ಬಾಖ್‌ನ ಫ್ಯೂಗ್‌ನಲ್ಲಿ (ಒಂದು ಸ್ವರಗುಚ್ಛವನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ) ಅದೇ ಸ್ವರಗುಚ್ಛ ಇನ್ನೊಂದು ದನಿಯಲ್ಲಿ ಮತ್ತೆ ಬಂದದ್ದು ಕಣ್ಣಿಗೇ ಕಾಣುತ್ತದೆ.

ನಮ್ಮ ಸಂಗೀತಕ್ಕೆ ಇಂಥದ್ದು ಇನ್ನೂ ಜಾಸ್ತಿ ಬೇಕು. ಕರ್ನಾಟಕ ಸಂಗೀತದ ತೋಡಿ ರಾಗವನ್ನೇ ತಗೊಳ್ಳಿ. ಪುಸ್ತಕದಲ್ಲಿ ಬರೀ ‘ಗ’ ಅಂತಿರುತ್ತದೆ, ಹಾಡುವಾಗ ಆ ಗಾಂಧಾರ ಒಂದು ಕಡೆ ನಿಲ್ಲುವುದೇ ಇಲ್ಲ. ಆ ಓಲಾಟವನ್ನು ಹಾಡಿನ ಜೊತೆಗೇ ಒಂದು ಗೆರೆಯಾಗಿ ಪರದೆ ಮೇಲೆ ಎಳೆದು ತೋರಿಸಿ. ಹೀಗೆ ಸ್ವರವನ್ನು ಓಲಾಡಿಸುವ ಗಮಕದ ಬಗ್ಗೆ ಉದ್ದ ಭಾಷಣ ಬೇಕಾಗುವುದಿಲ್ಲ. ನಿಮಗೆ ಒಂದೇ ನಿಮಿಷ ಇದ್ದರೆ ಸಾಹಿತ್ಯವಿಲ್ಲದೆ ರಾಗವನ್ನು ನಿಧಾನವಾಗಿ ಬಿಡಿಸುವ ಆಲಾಪನೆಯನ್ನು ಕತ್ತರಿಸಬೇಡಿ, ಅದಕ್ಕೆ ಸಮಯ ಬೇಕೇ ಬೇಕು. ಬದಲಿಗೆ ಪಲ್ಲವಿಯ ಒಂದು ಸಾಲು ಹಿಡಿಯಿರಿ. ಮೊದಲು ಸರಳವಾಗಿ, ಆಮೇಲೆ ಒಂದೊಂದೇ ಸಂಗತಿ (ಅದೇ ಸಾಲನ್ನು ಬೇರೆ ಬೇರೆಯಾಗಿ ಹಾಡುವ ರೂಪ) ಬೆಳೆಸುತ್ತಾ ಹಾಡಿ. ಸಾಲು ಅದೇ, ಅದರೊಳಗೆ ಏನು ಬದಲಾಯಿತು ಅಂತ ಕೇಳುವವರು ತಾವೇ ಹುಡುಕತೊಡಗುತ್ತಾರೆ. ಸಾಹಿತ್ಯವನ್ನೂ ಅರ್ಥವನ್ನೂ ಕೆಳಗೆ ಹಾಕಿ.

ಕ್ಯಾಮೆರಾ ಫೋನಿನದ್ದಾದರೂ ಸಾಕು. ಧ್ವನಿಯಲ್ಲಿ ಮಾತ್ರ ರಾಜಿ ಬೇಡ. ಫೋನುಗಳು ಸಾಮಾನ್ಯವಾಗಿ ಮೆಲ್ಲನೆ ಹಾಡಿದ್ದನ್ನು ತಾವಾಗೇ ಏರಿಸುತ್ತವೆ, ಜೋರಾದದ್ದನ್ನು ಇಳಿಸುತ್ತವೆ. ಗಾಯಕರು ಅಷ್ಟು ಕಷ್ಟಪಟ್ಟು ಇಟ್ಟ ಏರಿಳಿತ ಅಲ್ಲೇ ಸತ್ತುಹೋಗುತ್ತದೆ. ಬೇರೆ ರೆಕಾರ್ಡರ್‌ನಲ್ಲಿ ಧ್ವನಿ ಹಿಡಿಯಿರಿ, ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ. ಎಡಿಟ್ ಮಾಡುವಾಗ ಆ ಸದ್ದು ನೋಡಿ ಎರಡನ್ನೂ ಹೊಂದಿಸಬಹುದು. ಪಿಟೀಲಿನವರು ಉತ್ತರ ಕೊಡುವಾಗ ಗಾಯಕರ ಮುಖವನ್ನೇ ತೋರಿಸುತ್ತಾ ಕೂರಬೇಡಿ, ಸುಮ್ನೆ ಕ್ಯಾಮೆರಾವನ್ನು ಪಿಟೀಲಿನವರ ಕೈ ಕಡೆ ತಿರುಗಿಸಿ.

ಪೂರ್ತಿ ಕಛೇರಿಯ ವಿಡಿಯೋಗಳನ್ನು ತೆಗೆಯಬೇಡಿ. ಚಿಕ್ಕದು ಇಷ್ಟವಾದವರು ಮುಂದೆ ಹೋಗಬೇಕಾದ್ದು ಅಲ್ಲಿಗೇ ಅಲ್ವಾ? ಪ್ರತಿ ಚಿಕ್ಕ ವಿಡಿಯೋದಿಂದ ಅದೇ ಹಾಡಿನ ಪೂರ್ತಿ ರೂಪಕ್ಕೆ ಲಿಂಕ್ ಕೊಡಿ. ಉದ್ದದ ವಿಡಿಯೋದ ವಿವರಣೆಯಲ್ಲಿ ಆಲಾಪನೆ, ಕೃತಿ, ನೆರವಲ್ (ಸಾಹಿತ್ಯದ ಒಂದು ಸಾಲನ್ನೇ ಹಿಡಿದು ಮನೋಧರ್ಮದಿಂದ ಬೆಳೆಸುವುದು), ತನಿ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಎಲ್ಲೆಲ್ಲಿ ಶುರು ಅಂತ ಸಮಯ ಬರೆಯಿರಿ. ಯೂಟ್ಯೂಬಿನಲ್ಲಿ ಮೊದಲನೆಯದು 0:00 ಆಗಿದ್ದು, ಒಟ್ಟು ಮೂರಾದರೂ ಇದ್ದರೆ ಅವು ಅಧ್ಯಾಯಗಳಾಗಿ ಕಾಣುತ್ತವೆ. ತಾಳವಾದ್ಯದ ಹುಚ್ಚಿರುವ ಹುಡುಗ ನೇರ ತನಿಗೇ ಹೋಗಲಿ ಬಿಡಿ.